ಸಿಡಿಲಿನ ಮರುದಿನದಿಂದ ಮೌಸ್ ಅಲುಗಾಡುತ್ತಿಲ್ಲ, ಹೊಸ ಮೌಸ್ ತಂದರೂ ಅದೇ ಸ್ಥಿತಿ: ಮದರ್‌ಬೋರ್ಡ್ ಹೋಗಿರಬಹುದೇ?

ಪ್ರಶ್ನೆ: ಪೆರ್ಲ ಡಿಟಿಪಿ

ಎಲ್ಲರಿಗೂ ನಮಸ್ಕಾರ. ಪೆರ್ಲ ಪೇಟೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿಯಿದೆ. ಆಮಂತ್ರಣ ಪತ್ರಿಕೆ, ಯಕ್ಷಗಾನದ ಕರಪತ್ರ, ಸಹಕಾರಿ ಸಂಘದ ವಾರ್ಷಿಕ ವರದಿ, ಪಂಚಾಯತಿಗೆ ಕೊಡುವ ಮಲಯಾಳದ ಅರ್ಜಿ, ಹೀಗೆ ಗಡಿಯೂರಿನ ಎಲ್ಲ ಬಗೆಯ ಕೆಲಸವೂ ಬರುತ್ತದೆ. ಇದಕ್ಕೆಲ್ಲ ಇರುವುದು ಒಂದೇ ಡೆಸ್ಕ್‌ಟಾಪ್ ಕಂಪ್ಯೂಟರ್. ಅದರಲ್ಲಿ ವಿಂಡೋಸ್ 10 ಇದೆ, ಪುಟವಿನ್ಯಾಸವನ್ನು ಈಗಲೂ ಪೇಜ್‌ಮೇಕರಿನಲ್ಲೇ ಮಾಡುತ್ತೇನೆ.

ತುಲಾ ಮಾಸದ ಸಂಜೆಯ ಗುಡುಗು ಮಿಂಚು ಹೇಗಿರುತ್ತದೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಮೊನ್ನೆ ಅಂಥದೇ ಒಂದು ಸಂಜೆ ಹತ್ತಿರದಲ್ಲೇ ಎಲ್ಲೋ ಸಿಡಿಲು ಬಡಿಯಿತು, ಕರೆಂಟೂ ಹೋಯಿತು. ಯುಪಿಎಸ್ ಇದ್ದುದರಿಂದ ಕಡತವನ್ನು ಉಳಿಸಿ ಶಟ್‌ಡೌನ್ ಮಾಡಿ ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಕಂಪ್ಯೂಟರ್ ಎಂದಿನಂತೆ ಆರಂಭವಾಯಿತು, ಅರ್ಧ ಗಂಟೆ ಕೆಲಸವೂ ನಡೆಯಿತು. ಆಮೇಲೆ ಪರದೆಯ ಬಲಮೂಲೆಯಲ್ಲಿ ಯುಎಸ್‌ಬಿ ಪೋರ್ಟ್, ಪವರ್ ಸರ್ಜ್ ಎಂದೇನೋ ಒಂದು ಸೂಚನೆ ಮಿಂಚಿ ಮಾಯವಾಯಿತು, ಮೌಸಿನ ಬಾಣ ನಿಂತಲ್ಲೇ ನಿಂತಿತು. ಮೌಸನ್ನು ಮಗುಚಿ ನೋಡಿದರೆ ಅಡಿಯ ಕೆಂಪು ದೀಪವೂ ಆರಿತ್ತು. ಮೊದಲೆಲ್ಲ ಕಂಪ್ಯೂಟರ್ ಶಟ್‌ಡೌನ್ ಮಾಡಿದ ಮೇಲೂ ಆ ದೀಪ ಉರಿಯುತ್ತಲೇ ಇರುತ್ತಿತ್ತು. ಈಗ ಕಂಪ್ಯೂಟರ್ ಚಾಲೂ ಇದ್ದಾಗಲೂ ಉರಿಯುತ್ತಿಲ್ಲ.

ಮೌಸೇ ಕೆಟ್ಟಿರಬೇಕೆಂದು ಪೇಟೆಯಿಂದ ಹೊಸತೊಂದನ್ನು ತಂದು, ಹಳೆಯದು ಸಿಕ್ಕಿಸಿದ್ದ ರಂಧ್ರದ ಪಕ್ಕದಲ್ಲೇ ಇರುವ ಇನ್ನೊಂದು ರಂಧ್ರಕ್ಕೆ ಸಿಕ್ಕಿಸಿದೆ. ಇವೆರಡೂ ಸಿಪಿಯು ಪೆಟ್ಟಿಗೆಯ ಮುಂಭಾಗದಲ್ಲಿವೆ. ಹೊಸದರಲ್ಲಿಯೂ ದೀಪವಿಲ್ಲ, ಚಲನೆಯಿಲ್ಲ. ಶಟ್‌ಡೌನ್ ಮಾಡಿ ಮತ್ತೆ ಆರಂಭಿಸಿದರೂ ಪ್ರಯೋಜನವಾಗಲಿಲ್ಲ. ಕೀಬೋರ್ಡ್ ಮಾತ್ರ ಸರಿಯಾಗಿ ಕೆಲಸ ಮಾಡುತ್ತಿದೆ; ಅದು ಹಿಂಭಾಗದಲ್ಲಿ ನೇರಳೆ ಬಣ್ಣದ ದುಂಡು ರಂಧ್ರಕ್ಕೆ ಜೋಡಿಸಿರುವ ಹಳೆಯ ಕೀಬೋರ್ಡ್. ಅಂಗಡಿಗೆ ಬಂದ ಪರಿಚಿತರೊಬ್ಬರು, ಸಿಡಿಲಿಗೆ ಮದರ್‌ಬೋರ್ಡಿನ ಯುಎಸ್‌ಬಿ ಭಾಗ ಸುಟ್ಟಿದೆ, ಬೋರ್ಡನ್ನೇ ಬದಲಿಸಬೇಕು ಎಂದು ಹೇಳಿ ಹೋದರು. ಬೋರ್ಡ್ ಬದಲಿಸುವುದೆಂದರೆ ಕಾಸರಗೋಡಿಗೋ ಪುತ್ತೂರಿಗೋ ಹೊತ್ತುಕೊಂಡು ಹೋಗಬೇಕು. ಇತ್ತ ಷಷ್ಠಿ ಮಹೋತ್ಸವದ ಆಮಂತ್ರಣ ಪತ್ರಿಕೆಯೊಂದು ಅರ್ಧದಲ್ಲಿ ನಿಂತಿದೆ. ಅಚ್ಚಿಗೆ ಕಳುಹಿಸುವ ದಿನ ಹತ್ತಿರ ಬಂದಿದೆ, ದೇವಸ್ಥಾನದವರು ದಿನಕ್ಕೆರಡು ಬಾರಿ ಫೋನ್ ಮಾಡುತ್ತಿದ್ದಾರೆ. ಬಲ್ಲವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಉಪ್ಪಳ ರಿಪೇರಿ

ಮಾನ್ಯರೇ, ಮದರ್‌ಬೋರ್ಡ್ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ಬರೆದ ವಿವರಗಳಲ್ಲಿಯೇ ಅದಕ್ಕೆ ವಿರುದ್ಧವಾದ ಸಾಕಷ್ಟು ಅಂಶಗಳಿವೆ. ಅವನ್ನು ಹೇಳುವುದಕ್ಕೆ ಮೊದಲು ಆಮಂತ್ರಣ ಪತ್ರಿಕೆಯ ಕೆಲಸ ಮುಂದುವರಿಯಲಿ.

ವಿಂಡೋಸಿನಲ್ಲಿ ಕೀಬೋರ್ಡಿನಿಂದಲೇ ಬಾಣವನ್ನು ಓಡಿಸುವ ಒಂದು ಸೌಲಭ್ಯವಿದೆ, ಅದಕ್ಕೆ ಮೌಸ್ ಕೀಸ್ ಎಂದು ಹೆಸರು. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್ ಮತ್ತು ನಮ್ ಲಾಕ್, ಈ ಮೂರನ್ನೂ ಒಟ್ಟಿಗೆ ಒತ್ತಿದರೆ ಒಂದು ಚಿಕ್ಕ ಕಿಟಕಿ ತೆರೆದು ಅನುಮತಿ ಕೇಳುತ್ತದೆ, ಆಗ ಎಂಟರ್ ಒತ್ತಿರಿ. ಬಳಿಕ ಕೀಬೋರ್ಡಿನ ಬಲತುದಿಯ ಅಂಕಿಗಳಲ್ಲಿ 8 ಬಾಣವನ್ನು ಮೇಲಕ್ಕೂ 2 ಕೆಳಕ್ಕೂ 4 ಎಡಕ್ಕೂ 6 ಬಲಕ್ಕೂ ಒಯ್ಯುತ್ತವೆ; 7, 9, 1, 3 ಓರೆಯಾಗಿ ಒಯ್ಯುತ್ತವೆ. 5 ಎಂದರೆ ಕ್ಲಿಕ್, ಕೂಡಿಸುವ ಚಿಹ್ನೆ ಎಂದರೆ ಡಬಲ್ ಕ್ಲಿಕ್. ಪುಟವಿನ್ಯಾಸದವರಿಗೆ ಮುಖ್ಯವಾಗಿ ಬೇಕಾದ ಎಳೆದಿಡುವ ಕೆಲಸಕ್ಕೆ 0 ಒತ್ತಿದರೆ ಗುಂಡಿಯನ್ನು ಹಿಡಿದಂತೆ, ಚುಕ್ಕಿ ಒತ್ತಿದರೆ ಬಿಟ್ಟಂತೆ. ಕಳೆಯುವ ಚಿಹ್ನೆಯನ್ನು ಒಮ್ಮೆ ಒತ್ತಿದರೆ ಅನಂತರ 5 ಬಲಗುಂಡಿಯಾಗಿ ಕೆಲಸ ಮಾಡುತ್ತದೆ, ಭಾಗಿಸುವ ಗೆರೆಯನ್ನು ಒತ್ತಿದರೆ ಮರಳಿ ಎಡಗುಂಡಿಯಾಗುತ್ತದೆ. ಮೊದಲಿಗೆ ಬಾಣ ನಿಧಾನವಾಗಿ ಹೋಗುತ್ತದೆಂದು ಬೇಸರವಾಗುತ್ತದೆ, ಆದರೆ ದೇವರ ಚಿತ್ರವನ್ನು ಕೂದಲೆಳೆಯಷ್ಟು ಸರಿಸುವುದಕ್ಕೆ ಮೌಸಿಗಿಂತ ಇದೇ ಮೇಲು ಎನ್ನುವವರೂ ಇದ್ದಾರೆ.

ಇನ್ನು ಮೂಲ ಸಮಸ್ಯೆ. ಕೀಬೋರ್ಡ್ ನಡೆಯುತ್ತಿದೆ ಎಂಬುದರಿಂದ ಯುಎಸ್‌ಬಿಯ ಬಗ್ಗೆ ಏನೂ ತಿಳಿಯುವುದಿಲ್ಲ. ನೇರಳೆ ದುಂಡು ರಂಧ್ರವೆಂದರೆ ಪಿಎಸ್/2. ಐಬಿಎಂ 1987ರಲ್ಲಿ ತನ್ನ ಪಿಎಸ್/2 ಕಂಪ್ಯೂಟರುಗಳೊಂದಿಗೆ ತಂದ ಜೋಡಣೆ ಅದು, ಯುಎಸ್‌ಬಿಗೂ ಅದಕ್ಕೂ ಸಂಬಂಧವಿಲ್ಲ. ಹಾಗೆಯೇ ಹೊಸ ಮೌಸ್ ನಡೆಯುತ್ತಿಲ್ಲ ಎಂಬುದರಿಂದ ಮೌಸಿನ ತಪ್ಪಿಲ್ಲ ಎಂದೂ ಆಗುವುದಿಲ್ಲ, ಏಕೆಂದರೆ ನೀವು ಅದನ್ನು ಪರೀಕ್ಷಿಸಿದ್ದು ಸಂಶಯವಿರುವ ಜೋಡಿ ರಂಧ್ರಗಳಲ್ಲೇ, ಅದೂ ಹಳೆಯ ಮೌಸ್ ಪಕ್ಕದಲ್ಲಿ ಸಿಕ್ಕಿಸಿಯೇ ಇರುವಾಗ. ಈ ಕೊನೆಯ ಅಂಶ ಬಹಳ ಮುಖ್ಯ. ಅನೇಕ ಬೋರ್ಡುಗಳಲ್ಲಿ ಮುಂಭಾಗದ ಎರಡು ರಂಧ್ರಗಳಿಗೆ ವಿದ್ಯುತ್ ಹೋಗುವುದು ಒಂದೇ ರಕ್ಷಣೆಯ ಮೂಲಕ. ಒಂದರಲ್ಲಿ ಶಾರ್ಟ್ ಆದರೆ ಎರಡೂ ಸಾಯುತ್ತವೆ.

ನಿಮ್ಮ ಪರದೆಯಲ್ಲಿ ಮಿಂಚಿದ ಸೂಚನೆಗೂ ಸಿಡಿಲಿಗೂ ನಂಟಿಲ್ಲ. ಸಿಕ್ಕಿಸಿರುವ ಸಾಧನವು ರಂಧ್ರ ಕೊಡಬಹುದಾದದ್ದಕ್ಕಿಂತ ಹೆಚ್ಚು ಕರೆಂಟನ್ನು ಎಳೆಯುತ್ತಿದೆ ಎಂದು ವಿಂಡೋಸ್ ಹೇಳುವ ರೀತಿ ಅದು. ಯುಎಸ್‌ಬಿ 2.0 ರಂಧ್ರವೊಂದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್ ಕೊಡಬಲ್ಲುದು. ನಿಮ್ಮ ಮೌಸಿನ ಅಡಿಯ ಚೀಟಿಯನ್ನು ಓದಿದರೆ 5 ವೋಲ್ಟ್, 100 ಮಿಲಿಆಂಪಿಯರ್ ಎಂದೋ ಅದಕ್ಕೆ ಸಮೀಪದ ಅಂಕಿಯನ್ನೋ ಕಾಣುವಿರಿ. ಅಷ್ಟು ಕಡಿಮೆ ಬೇಕಾದ ವಸ್ತು 500ನ್ನು ಮೀರಿ ಎಳೆಯಿತೆಂದರೆ ಎಲ್ಲೋ ತಂತಿಗೆ ತಂತಿ ತಗಲಿದೆ ಎಂದೇ ಅರ್ಥ. ಸಿಡಿಲೇ ಒಳಹೊಕ್ಕಿದ್ದರೆ ಸಾಮಾನ್ಯವಾಗಿ ಮೊದಲು ಹೋಗುವುದು ಮೋಡೆಮ್, ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ರಂಧ್ರ ಅಥವಾ ಎಸ್‌ಎಂಪಿಎಸ್, ಅಂದರೆ ಪೆಟ್ಟಿಗೆಯೊಳಗೆ ವಿದ್ಯುತ್ ಒದಗಿಸುವ ಘಟಕ. ನಿಮ್ಮಲ್ಲಿ ಮರುದಿನ ಅರ್ಧ ಗಂಟೆ ಎಲ್ಲವೂ ಸರಿಯಾಗಿಯೇ ನಡೆದಿದೆ.

ಆದ್ದರಿಂದ ಈಗ ಹೀಗೆ ಮಾಡಿ. ಹಳೆಯ ಮೌಸನ್ನು ಕಿತ್ತು ದೂರವಿಡಿ. ಪರೀಕ್ಷೆಗೆಂದು ಅದನ್ನು ಬೇರೆಯವರ ಲ್ಯಾಪ್‌ಟಾಪಿಗೆ ಚುಚ್ಚಲು ಹೋಗಬೇಡಿ. ಸಿಪಿಯು ಪೆಟ್ಟಿಗೆಯನ್ನು ಗೋಡೆಯಿಂದ ಸ್ವಲ್ಪ ಎಳೆದು, ಹೊಸ ಮೌಸನ್ನು ಹಿಂಭಾಗದ ಯುಎಸ್‌ಬಿ ರಂಧ್ರಕ್ಕೆ, ಅದರಲ್ಲೂ ಮದರ್‌ಬೋರ್ಡಿಗೆ ನೇರವಾಗಿ ಬೆಸೆದಿರುವವುಗಳಲ್ಲಿ ಒಂದಕ್ಕೆ ಸಿಕ್ಕಿಸಿ ನೋಡಿ. ಅಲ್ಲಿ ದೀಪ ಹೊತ್ತಿದರೆ ಬೋರ್ಡಿನ ಯುಎಸ್‌ಬಿ ಬದುಕಿದೆ. ಮುಂಭಾಗದ್ದನ್ನು ಎಬ್ಬಿಸಲು ಕಂಪ್ಯೂಟರನ್ನು ಶಟ್‌ಡೌನ್ ಮಾಡಿದರೆ ಸಾಲದು. ಶಟ್‌ಡೌನ್ ಆದ ಮೇಲೂ ಮೌಸಿನ ದೀಪ ಉರಿಯುತ್ತಿತ್ತು ಎಂದಿರಲ್ಲ, ಎಸ್‌ಎಂಪಿಎಸ್ ಆಗಲೂ 5 ವೋಲ್ಟನ್ನು ಬೋರ್ಡಿಗೆ ಕಳುಹಿಸುತ್ತಲೇ ಇರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ನಿಮ್ಮಲ್ಲಿ ಯುಪಿಎಸ್ ಬೇರೆ ಇದೆ; ಗೋಡೆಯ ಸ್ವಿಚ್ ಆರಿಸಿದರೂ ಬ್ಯಾಟರಿಯಿಂದ ವಿದ್ಯುತ್ ಹರಿಯುತ್ತದೆ. ಹಾಗಾಗಿ ಸಿಪಿಯುವಿನ ಹಿಂದಿನ ದಪ್ಪ ಪವರ್ ಕೇಬಲನ್ನೇ ಕಿತ್ತುಬಿಡಿ. ಬಳಿಕ ಪವರ್ ಗುಂಡಿಯನ್ನು ಅರ್ಧ ನಿಮಿಷದಷ್ಟು ಒತ್ತಿಹಿಡಿದು ಒಳಗೆ ಉಳಿದ ವಿದ್ಯುತ್ತನ್ನು ಇಳಿಸಿ, ಸ್ವಲ್ಪ ಹೊತ್ತು ಹಾಗೇ ಬಿಡಿ. ಫಲಿತಾಂಶವನ್ನು ಇಲ್ಲಿ ತಿಳಿಸಿ. ಮೌಸಿನ ತಂತಿ ಮೌಸಿನೊಳಗೆ ಹೋಗುವ ಕುತ್ತಿಗೆಯ ಭಾಗ ಹೇಗಿದೆ ಎಂಬುದನ್ನೂ ಬರೆಯಿರಿ.

ಉತ್ತರ: ತಲಪಾಡಿಯ ಓದುಗ

ಇಷ್ಟೆಲ್ಲ ಸಂಶೋಧನೆ ಬೇಕೇ ಸ್ವಾಮಿ? ತಂತಿಯ ಮೌಸಿಗೆ ಇನ್ನೂರು ಮುನ್ನೂರು ರೂಪಾಯಿ. ಅದು ಕೆಟ್ಟರೆ ಎಸೆದು ಇನ್ನೊಂದು ತರುವುದು ಜಾಣತನ. ರಿಪೇರಿಯವರು ಇದನ್ನು ದೊಡ್ಡದು ಮಾಡುತ್ತಿದ್ದಾರೆ ಎಂದು ನನ್ನ ಅಭಿಪ್ರಾಯ.

ಉತ್ತರ: ಉಪ್ಪಳ ರಿಪೇರಿ

ಅವರು ಇನ್ನೊಂದನ್ನು ತಂದಾಗಿದೆ, ಅದೂ ನಡೆಯಲಿಲ್ಲ. ಪ್ರಶ್ನೆ ಹುಟ್ಟಿರುವುದೇ ಅಲ್ಲಿಂದ. ಮುನ್ನೂರು ರೂಪಾಯಿಯ ಮೌಸನ್ನು ಉಳಿಸುವ ಹಟ ನನಗಿಲ್ಲ, ಸಾವಿರಾರು ರೂಪಾಯಿಯ ಬೋರ್ಡನ್ನು ಸುಮ್ಮನೆ ಬದಲಿಸುವುದು ಬೇಡ ಎಂಬುದಷ್ಟೇ ನನ್ನ ಮಾತು.

ಉತ್ತರ: ಕುಂಬಳೆಯ ಮಾಷ್ಟ್ರು

ನಾನು ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಐಟಿ ಪ್ರಯೋಗಾಲಯದ ಹೊಣೆ ಹೊತ್ತಿರುವವನು. ಉಪ್ಪಳದವರು ಹೇಳಿದ ದಾರಿ ಸರಿಯಾಗಿದೆ. ಅದಕ್ಕೆ ಒಂದೆರಡು ಮಾತುಗಳನ್ನು ಸೇರಿಸುತ್ತೇನೆ.

ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಉಬುಂಟು ಆಧಾರದ ಗ್ನೂ ಲಿನಕ್ಸ್ ಇರುತ್ತದೆ ಎಂಬುದು ಇಲ್ಲಿನವರಿಗೆ ಗೊತ್ತಿರುವ ಸಂಗತಿ. ನಾನು ದೋಷ ಹುಡುಕುವುದಕ್ಕೆ ಅದನ್ನೇ ನೆಚ್ಚಿಕೊಂಡಿದ್ದೇನೆ, ಏಕೆಂದರೆ ವಿಂಡೋಸ್ ಮಿಂಚಿ ಮಾಯವಾಗುವ ಸೂಚನೆ ಕೊಡುವಲ್ಲಿ ಲಿನಕ್ಸ್ ಎಲ್ಲವನ್ನೂ ಸಾಲುಸಾಲಾಗಿ ಬರೆದಿಡುತ್ತದೆ. ನಿಮ್ಮಲ್ಲಿ ಉಬುಂಟು ಹಾಕಿದ ಪೆನ್‌ಡ್ರೈವ್ ಇದ್ದರೆ, ಅದನ್ನು ಹಿಂಭಾಗದ ರಂಧ್ರಕ್ಕೆ ಸಿಕ್ಕಿಸಿ ಅದರಿಂದಲೇ ಕಂಪ್ಯೂಟರನ್ನು ಆರಂಭಿಸಬಹುದು. ವಿಂಡೋಸಿಗಾಗಲಿ ನಿಮ್ಮ ಕಡತಗಳಿಗಾಗಲಿ ಏನೂ ಆಗುವುದಿಲ್ಲ, ಸ್ಥಾಪಿಸದೆ ಪ್ರಯೋಗಿಸುವ ಆಯ್ಕೆಯನ್ನು ಆರಿಸಿದರಾಯಿತು. ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿದರೆ ಟರ್ಮಿನಲ್, ಅಂದರೆ ಆದೇಶ ಬರೆಯುವ ಕಿಟಕಿ, ತೆರೆಯುತ್ತದೆ. ಅಲ್ಲಿ ಸುಡೋ (sudo) ಎಂಬ ಪದವನ್ನು ಬರೆದು, ಸ್ವಲ್ಪ ಜಾಗ ಬಿಟ್ಟು, ಡಿ, ಎಂ, ಇ, ಎಸ್, ಜಿ (dmesg) ಎಂಬ ಐದು ಅಕ್ಷರಗಳನ್ನು ಒಟ್ಟಾಗಿ ಬರೆದು ಎಂಟರ್ ಒತ್ತಿರಿ. ಕೊನೆಯ ಸಾಲುಗಳಲ್ಲಿ ಓವರ್ ಕರೆಂಟ್ ಕಂಡೀಷನ್ ಎಂದು ಪೋರ್ಟಿನ ಸಂಖ್ಯೆಯ ಸಮೇತ ಕಂಡರೆ ಉಪ್ಪಳದವರ ಊಹೆ ಸರಿ, ಅದು ಶಾರ್ಟ್. ಅದರ ಬದಲು ಡಿವೈಸ್ ಡಿಸ್ಕ್ರಿಪ್ಟರ್ ಓದಲಾಗಲಿಲ್ಲ, ಎರರ್ ಮೈನಸ್ 71 ಎಂದು ಕಂಡರೆ ವಿದ್ಯುತ್ ತಲುಪುತ್ತಿದೆ, ಮಾಹಿತಿ ಸಾಗಿಸುವ ತಂತಿಯಲ್ಲೋ ಸಂಪರ್ಕದಲ್ಲೋ ದೋಷವಿದೆ ಎಂದು ಹೆಚ್ಚಾಗಿ ತಿಳಿಯಬಹುದು. ಮೌಸನ್ನು ಸಿಕ್ಕಿಸಿದರೂ ಒಂದು ಸಾಲೂ ಹೊಸದಾಗಿ ಬಾರದಿದ್ದರೆ ಆ ರಂಧ್ರಕ್ಕೆ ವಿದ್ಯುತ್ತೇ ಇಲ್ಲ, ಅಥವಾ ಮೌಸಿನ ತಂತಿ ಪೂರ್ತಿ ಕಡಿದಿದೆ. ಈ ಮೂರು ಸ್ಥಿತಿಗಳನ್ನು ಹೊರಗಿನಿಂದ ನೋಡಿದರೆ ಒಂದೇ ರೀತಿ ಕಾಣುತ್ತವೆ, ಮೌಸ್ ನಡೆಯುವುದಿಲ್ಲ ಅಷ್ಟೆ.

ನಮ್ಮ ಪ್ರಯೋಗಾಲಯದಲ್ಲಿ ಮೌಸ್ ಕೆಡುವುದು ಹೆಚ್ಚಾಗಿ ಕುತ್ತಿಗೆಯಲ್ಲಿಯೇ. ಅವಧಿ ಮುಗಿದೊಡನೆ ಮಕ್ಕಳು ತಂತಿಯನ್ನು ಮೌಸಿನ ಮೈಗೆ ಬಿಗಿಯಾಗಿ ಸುತ್ತಿಡುತ್ತಾರೆ. ಅಚ್ಚುಕಟ್ಟಾಗಿ ಕಾಣುತ್ತದೆಂದು ಮೊದಲು ನಾವೂ ಸುಮ್ಮನಿದ್ದೆವು. ಪ್ರತಿ ಸುತ್ತೂ ತಂತಿಯನ್ನು ಅದೇ ಜಾಗದಲ್ಲಿ ಮಡಚುತ್ತದೆ, ಒಳಗಿನ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಈಗ ಸಡಿಲವಾಗಿ ಮಾನಿಟರಿನ ಹಿಂದಕ್ಕೆ ಇಳಿಬಿಡಲು ಹೇಳಿದ್ದೇವೆ.

ದೀಪದ ಬಗ್ಗೆ ಒಂದು ಎಚ್ಚರಿಕೆ. ಎಲ್ಲ ಮೌಸುಗಳಲ್ಲಿಯೂ ದೀಪ ಕಣ್ಣಿಗೆ ಕಾಣುವುದಿಲ್ಲ, ಈಗಿನ ಹಲವು ಮೌಸುಗಳಲ್ಲಿರುವುದು ಇನ್‌ಫ್ರಾರೆಡ್ ಬೆಳಕು. ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ನೋಡಿದರೆ ಕೆಲವೊಮ್ಮೆ ಮಸುಕಾದ ನೇರಳೆ ಚುಕ್ಕೆಯಾಗಿ ಕಾಣುತ್ತದೆ. ಆದುದರಿಂದ ಹೊಸ ಮೌಸಿನಲ್ಲಿ ದೀಪ ಕಾಣಲಿಲ್ಲ ಎಂಬುದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ, ಬಾಣ ಚಲಿಸುತ್ತದೆಯೇ ಎಂಬುದನ್ನು ನೋಡಿ. ಅದನ್ನೂ ಗಾಜಿನ ಮೇಜಿನ ಮೇಲೆ ನೋಡಬೇಡಿ. ಮೌಸಿನ ಹೊಟ್ಟೆಯೊಳಗಿನ ಪುಟ್ಟ ಸಂವೇದಕವು ಮೇಜಿನ ಮೇಲ್ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ತೆಗೆದು, ಒಂದು ಚಿತ್ರಕ್ಕೂ ಮುಂದಿನದಕ್ಕೂ ಆದ ಸರಿತವನ್ನು ಲೆಕ್ಕಹಾಕಿ ಬಾಣವನ್ನು ಓಡಿಸುತ್ತದೆ. ಗಾಜಿನಲ್ಲಿ ಹಿಡಿದುಕೊಳ್ಳಲು ಒರಟು ಗುರುತುಗಳೇ ಸಿಗುವುದಿಲ್ಲ. ಕೆಳಗೊಂದು ಬಿಳಿ ಕಾಗದ ಇಟ್ಟರೆ ಸಾಕು. ಕಾಗದದ ನಾರು ನಮ್ಮ ಕಣ್ಣಿಗೆ ಕಾಣದಿದ್ದರೂ ಅದಕ್ಕೆ ಕಾಣುತ್ತದೆ. ನಿಮ್ಮ ಅಂಗಡಿಯಲ್ಲಿ ಕಾಗದಕ್ಕೆ ಬರಗಾಲವಿರಲಾರದು.

ಪ್ರತಿಕ್ರಿಯೆ: ಪೆರ್ಲ ಡಿಟಿಪಿ

ಮಾಷ್ಟ್ರಿಗೂ ಉಪ್ಪಳದವರಿಗೂ ಕೃತಜ್ಞತೆಗಳು. ಆಮಂತ್ರಣ ಪತ್ರಿಕೆಯನ್ನು ಅಂಕಿಗಳ ಗುಂಡಿಗಳಿಂದಲೇ ಮುಗಿಸಿ ನಿನ್ನೆ ಸಂಜೆ ಅಚ್ಚಿಗೆ ಕಳುಹಿಸಿದೆ. ಸೊನ್ನೆ ಒತ್ತಿ ಎಳೆಯುವುದು ಅಭ್ಯಾಸವಾಗುವವರೆಗೆ ಎರಡು ಕಾಲಮುಗಳು ಒಂದರ ಮೇಲೊಂದು ಹತ್ತಿ ಕುಳಿತಿದ್ದವು, ಆಮೇಲೆ ಸರಿಹೋಯಿತು.

ಪರೀಕ್ಷೆಗಳ ಫಲ ಹೀಗಿದೆ. ಹಳೆಯ ಮೌಸನ್ನು ಕಿತ್ತಿಟ್ಟು ಹೊಸತನ್ನು ಹಿಂಭಾಗದ ರಂಧ್ರಕ್ಕೆ ಸಿಕ್ಕಿಸಿದೊಡನೆ ದೀಪ ಹೊತ್ತಿತು, ಬಾಣ ಓಡಿತು. ಮುಂಭಾಗದ ಎರಡು ರಂಧ್ರಗಳಲ್ಲಿ ಆಗಲೂ ಜೀವವಿರಲಿಲ್ಲ, ಪೆನ್‌ಡ್ರೈವ್ ಸಿಕ್ಕಿಸಿದರೂ ಗುರುತಿಸಲಿಲ್ಲ. ಪವರ್ ಕೇಬಲನ್ನು ಕಿತ್ತು, ಗುಂಡಿಯನ್ನು ಒತ್ತಿಹಿಡಿದು, ಊಟ ಮಾಡಿ ಬಂದು ಮತ್ತೆ ಜೋಡಿಸಿದಾಗ ಮುಂಭಾಗದವೂ ಎದ್ದಿವೆ. ಅದೇ ಪೆನ್‌ಡ್ರೈವ್ ಈಗ ಎರಡರಲ್ಲಿಯೂ ತೆರೆಯುತ್ತದೆ. ಲಿನಕ್ಸ್ ಪರೀಕ್ಷೆಗೆ ಅವಕಾಶವಾಗಲಿಲ್ಲ, ಅಂಥ ಪೆನ್‌ಡ್ರೈವ್ ಕೈಯಲ್ಲಿರಲಿಲ್ಲ.

ಹಳೆಯ ಮೌಸಿನ ಕುತ್ತಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ರಬ್ಬರಿನ ತೋಳು ಮುಗಿಯುವ ಜಾಗದಲ್ಲಿ ತಂತಿಯ ಕಪ್ಪು ಹೊದಿಕೆ ಬಿರಿದು ಒಳಗಿನ ಬಣ್ಣದ ಎಳೆಗಳು ಕಾಣುತ್ತಿವೆ. ಕೆಂಪು ಎಳೆಯ ಮೇಲೆ ಸಾಸಿವೆ ಕಾಳಿನಷ್ಟು ಜಾಗದಲ್ಲಿ ತಾಮ್ರ ಹೊರಬಂದಿದೆ. ನನ್ನ ಮೇಜಿನಲ್ಲಿ ಮೌಸಿನ ತಂತಿ ಸ್ಕ್ಯಾನರಿನ ಅಂಚಿಗೆ ಸಿಕ್ಕಿ ಮಡಚಿಕೊಳ್ಳುವುದು ಮೊದಲಿನಿಂದಲೂ ಇತ್ತು. ಪಕ್ಕದ ವಯರಿಂಗಿನವರ ಮಲ್ಟಿಮೀಟರಿನಲ್ಲಿ ನೋಡಬಹುದೆಂದರೆ ಯಾವ ಎರಡು ಬಿಂದುಗಳಿಗೆ ಹಿಡಿಯಬೇಕು? ಕಾರಣವನ್ನೂ ಸ್ವಲ್ಪ ಬಿಡಿಸಿ ಹೇಳಬೇಕು: ಶಟ್‌ಡೌನಿನಿಂದ ಏಳದ ರಂಧ್ರ ಕೇಬಲ್ ಕಿತ್ತರೆ ಎದ್ದದ್ದು ಹೇಗೆ? ತಂತಿಯನ್ನು ಕತ್ತರಿಸಿ ಬೆಸೆದರೆ ಹಳೆಯದನ್ನು ಮತ್ತೆ ಬಳಸಬಹುದೇ?

ಉತ್ತರ: ಉಪ್ಪಳ ರಿಪೇರಿ

ಮಲ್ಟಿಮೀಟರನ್ನು ಬೀಪ್ ಶಬ್ದ ಬರುವ ಸ್ಥಾನಕ್ಕೆ ತಿರುಗಿಸಿ. ಯುಎಸ್‌ಬಿ ಪ್ಲಗ್ಗಿನ ಬಾಯಿಯೊಳಗೆ ನಾಲ್ಕು ಚಿನ್ನದ ಬಣ್ಣದ ಪಟ್ಟಿಗಳಿವೆ. ಗಮನಿಸಿ ನೋಡಿದರೆ ಅಂಚಿನ ಎರಡು ಪಟ್ಟಿಗಳು ನಡುವಿನ ಎರಡಕ್ಕಿಂತ ತುಸು ಮುಂದಕ್ಕೆ ಚಾಚಿರುತ್ತವೆ. ಅಂಚಿನವು ವಿದ್ಯುತ್ತಿನವು, ನಡುವಿನವು ಮಾಹಿತಿಯವು. ಸಿಕ್ಕಿಸುವಾಗ ಮೊದಲು ವಿದ್ಯುತ್ ತಲುಪಿ ಆಮೇಲೆ ಮಾಹಿತಿ ತಲುಪಲಿ ಎಂದು ಹಾಗೆ ಮಾಡಿರುತ್ತಾರೆ. ಮೀಟರಿನ ಎರಡು ಮೊನೆಗಳನ್ನು ಅಂಚಿನ ಎರಡು ಪಟ್ಟಿಗಳಿಗೆ ಹಿಡಿದು, ಇನ್ನೊಬ್ಬರಿಂದ ಮೌಸಿನ ಕುತ್ತಿಗೆಯನ್ನು ಅತ್ತಿತ್ತ ಬಾಗಿಸಿ. ಯಾವುದಾದರೂ ಒಂದು ಭಂಗಿಯಲ್ಲಿ ಮೀಟರ್ ಕೂಗಿದರೆ ಶಾರ್ಟ್ ಅಲ್ಲಿಯೇ. ಇನ್ನು ಕಾರಣ.

ಬೋರ್ಡಿನಲ್ಲಿ ಯುಎಸ್‌ಬಿ ರಂಧ್ರಗಳಿಗೆ ಹೋಗುವ 5 ವೋಲ್ಟ್ ದಾರಿಯಲ್ಲಿ ತಾನಾಗಿ ಚೇತರಿಸಿಕೊಳ್ಳುವ ಒಂದು ಫ್ಯೂಸ್ ಇರುತ್ತದೆ, ನಾವು ಪಾಲಿಫ್ಯೂಸ್ ಎನ್ನುತ್ತೇವೆ. ಮನೆಯ ಫ್ಯೂಸಿನಂತೆ ಅದರಲ್ಲಿ ತಂತಿ ಕರಗಿ ಹೋಗುವುದಿಲ್ಲ. ಅದು ಇಂಗಾಲದ ಕಣಗಳನ್ನು ಬೆರೆಸಿದ ಒಂದು ಬಗೆಯ ಪ್ಲಾಸ್ಟಿಕ್ಕು. ಸಾಮಾನ್ಯ ಸ್ಥಿತಿಯಲ್ಲಿ ಕಣಗಳು ಒಂದಕ್ಕೊಂದು ತಾಗಿಕೊಂಡು ವಿದ್ಯುತ್ತನ್ನು ಸಾಗಿಸುತ್ತವೆ. ಕರೆಂಟ್ ಮಿತಿಮೀರಿದಾಗ ಬಿಸಿಯೇರಿ ಪ್ಲಾಸ್ಟಿಕ್ ಹಿಗ್ಗುತ್ತದೆ, ಕಣಗಳ ಸಂಪರ್ಕ ತಪ್ಪುತ್ತದೆ, ತಡೆ ಒಮ್ಮೆಲೇ ಏರಿ ಕರೆಂಟ್ ಹೆಸರಿಗಷ್ಟೇ ಉಳಿಯುತ್ತದೆ. ಶಾರ್ಟ್ ಹಾಗೇ ಇದ್ದರೆ ಆ ಸೋರಿಕೆಯಷ್ಟು ಕರೆಂಟೇ ಅದನ್ನು ಬಿಸಿಯಾಗಿ ಇಟ್ಟುಬಿಡುತ್ತದೆ. ನಿಮ್ಮ ಹಳೆಯ ಮೌಸ್ ಪಕ್ಕದಲ್ಲೇ ಇದ್ದುದರಿಂದ ಹೊಸದಕ್ಕೆ ಜೀವ ಬರಲಿಲ್ಲ. ಶಟ್‌ಡೌನಿನಲ್ಲಿಯೂ 5 ವೋಲ್ಟ್ ನಿಲ್ಲದ ಕಾರಣ ರಾತ್ರಿಯಿಡೀ ಬಿಟ್ಟರೂ ಫ್ಯೂಸ್ ತಣಿಯುವಂತಿರಲಿಲ್ಲ.

ಹಾಗಾದರೆ ಮೌಸನ್ನು ಕಿತ್ತ ಮೇಲೂ ಮುಂಭಾಗ ಏಳದಿದ್ದುದೇಕೆ ಎಂದರೆ, ಫ್ಯೂಸಿನ ಜೊತೆ ಇನ್ನೊಂದು ಕಾವಲೂ ಇದೆ. ಓವರ್ ಕರೆಂಟ್ ಎಂಬ ಸಂಕೇತ ಬಂದೊಡನೆ ಯುಎಸ್‌ಬಿ ನಿಯಂತ್ರಕವು ಆ ರಂಧ್ರವನ್ನು ಮುಚ್ಚಿಬಿಡುತ್ತದೆ, ಕೆಲವು ಬೋರ್ಡುಗಳಲ್ಲಿ ಪೂರ್ತಿ ವಿದ್ಯುತ್ ಕಡಿಯುವವರೆಗೆ ಅದು ತೆರೆಯುವುದೇ ಇಲ್ಲ. ವಿಂಡೋಸ್ 10ರಲ್ಲಿ ಇದಕ್ಕೆ ಒಂದು ಉಪಕಥೆಯೂ ಉಂಟು: ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆಯಿಂದಾಗಿ ಶಟ್‌ಡೌನ್ ಮಾಡಿದಾಗ ವಿಂಡೋಸಿನ ತಿರುಳಿನ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮರುದಿನ ಹಾಗೆಯೇ ಮರಳಿ ಬರುತ್ತದೆ, ಆದರೆ ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ. ಹೀಗಾಗಿ ಇಂಥ ತೊಂದರೆಗಳಲ್ಲಿ ಶಟ್‌ಡೌನಿಗಿಂತ ರೀಸ್ಟಾರ್ಟ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಜನ ಸಾಮಾನ್ಯವಾಗಿ ತಿಳಿದಿರುವುದು ಇದರ ಉಲ್ಟಾ.

ಹಳೆಯದನ್ನು ಬೆಸೆಯಬಹುದು. ಬಿರಿದ ಭಾಗವನ್ನು ಎರಡೂ ಕಡೆ ಒಂದೊಂದು ಅಂಗುಲ ಸೇರಿಸಿ ಕತ್ತರಿಸಿ ತೆಗೆಯಬೇಕು, ಬಣ್ಣಕ್ಕೆ ಬಣ್ಣವನ್ನು ಬೆಸೆದು, ಪ್ರತಿ ಎಳೆಗೂ ಬೇರೆಬೇರೆ ಹೊದಿಕೆ ಹಾಕಬೇಕು. ಕೆಂಪು 5 ವೋಲ್ಟ್, ಕಪ್ಪು ಅರ್ಥ್, ಬಿಳಿ ಮತ್ತು ಹಸಿರು ಮಾಹಿತಿ ಎಂಬುದು ರೂಢಿ, ಆದರೆ ಅಗ್ಗದ ಮೌಸುಗಳಲ್ಲಿ ಬಣ್ಣಗಳು ಮನಬಂದಂತೆ ಇರುವುದುಂಟು. ಹಾಗಿದ್ದಾಗ ಮೀಟರನ್ನೇ ನಂಬಬೇಕು. ಬೆಸೆದಾದ ಮೇಲೆ ಕಂಪ್ಯೂಟರಿಗೆ ಸಿಕ್ಕಿಸುವ ಮುನ್ನ ಅಂಚಿನ ಪಟ್ಟಿಗಳ ಬೀಪ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ನನ್ನನ್ನು ಕೇಳಿದರೆ, ಕೈಯಲ್ಲಿ ಬೆಸುಗೆಯ ಕಡ್ಡಿ ಇದ್ದವರಿಗೆ ಇದು ಕಾಲು ಗಂಟೆಯ ಕೆಲಸ, ಇಲ್ಲದವರು ಇದಕ್ಕಾಗಿ ಕಡ್ಡಿ ಕೊಳ್ಳಬೇಕಾಗಿಲ್ಲ. ಇಲ್ಲಿ ತಲಪಾಡಿಯವರ ಮಾತನ್ನು ಒಪ್ಪುತ್ತೇನೆ.

ಬೆಸೆದ ಮೌಸನ್ನು ಮೀಸಲಿಗೆ ಇಟ್ಟುಕೊಳ್ಳಿ. ಆದರೆ ನಿಮ್ಮ ಕಂಪ್ಯೂಟರಿನ ಹಿಂಭಾಗದಲ್ಲಿ ನೇರಳೆಯ ಪಕ್ಕ ಹಸಿರು ದುಂಡು ರಂಧ್ರವಿದ್ದರೆ, ಯುಎಸ್‌ಬಿ ಮೌಸಿಗೆ ಪರಿವರ್ತಕ ಹಾಕಿ ಅದಕ್ಕೆ ಜೋಡಿಸಬಹುದೆಂದು ಯಾರಾದರೂ ಹೇಳಿದರೆ ಹಣ ಕೊಡುವ ಮುನ್ನ ಯೋಚಿಸಿ. ಮೌಸ್ ಎರಡೂ ಭಾಷೆ ಬಲ್ಲದ್ದಾಗಿದ್ದರೆ ಮಾತ್ರ ಆ ಪುಟ್ಟ ಪರಿವರ್ತಕ ಕೆಲಸ ಮಾಡುತ್ತದೆ, ಅದು ಬರೀ ತಂತಿಯ ಜೋಡಣೆಯನ್ನು ಬದಲಿಸುತ್ತದೆಯೇ ಹೊರತು ಭಾಷಾಂತರ ಮಾಡುವುದಿಲ್ಲ. ದುಂಡು ರಂಧ್ರಕ್ಕೆ ಏನನ್ನೇ ಸಿಕ್ಕಿಸುವುದಿದ್ದರೂ ಕಂಪ್ಯೂಟರನ್ನು ಪೂರ್ತಿ ಆರಿಸಿಯೇ ಸಿಕ್ಕಿಸಬೇಕು.

ಪ್ರಶ್ನೆ: ಹೊಸಂಗಡಿ ಸ್ಟುಡಿಯೋ

ಇದೇ ಚರ್ಚೆಯಲ್ಲಿ ನನ್ನದನ್ನೂ ಕೇಳಿಬಿಡುತ್ತೇನೆ. ನನ್ನದು ತಂತಿಯಿಲ್ಲದ ಮೌಸ್. ಬ್ಯಾಟರಿ ಹೊಸದು. ಮದುವೆಯ ಫೋಟೋಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡುವಾಗ ಮಾತ್ರ ಬಾಣ ಮುಗ್ಗರಿಸುತ್ತದೆ, ಕೆಲವೊಮ್ಮೆ ನಿಂತೇಬಿಡುತ್ತದೆ. ನಕಲು ಮುಗಿದೊಡನೆ ಸರಿಯಾಗುತ್ತದೆ. ಕಂಪ್ಯೂಟರಿಗೆ ಭಾರ ಹೆಚ್ಚಾಗಿ ಹೀಗಾಗುತ್ತಿದೆಯೇ? ರ್‍ಯಾಮ್ ಹೆಚ್ಚಿಸಬೇಕೇ?

ಉತ್ತರ: ಕುಂಬಳೆಯ ಮಾಷ್ಟ್ರು

ರ್‍ಯಾಮ್ ಕೊಳ್ಳಲು ಹೊರಡುವ ಮುನ್ನ ಮೌಸಿನ ರಿಸೀವರ್ ಎಲ್ಲಿದೆ ನೋಡಿ. ಹಾರ್ಡ್ ಡಿಸ್ಕಿನ ಕೇಬಲ್ ಸಿಕ್ಕಿಸಿರುವ ನೀಲಿ ರಂಧ್ರದ ಪಕ್ಕದಲ್ಲಿಯೇ ಇದೆ ಎಂದು ನನ್ನ ಊಹೆ. ನೀಲಿ ನಾಲಗೆಯ ರಂಧ್ರವೆಂದರೆ ಸಾಮಾನ್ಯವಾಗಿ ಯುಎಸ್‌ಬಿ 3.0. ಅದರಲ್ಲಿ ಮಾಹಿತಿ ವೇಗವಾಗಿ ಹರಿಯುವಾಗ ಹೊರಸೂಸುವ ರೇಡಿಯೋ ಗದ್ದಲವು 2.4 ಗಿಗಾಹರ್ಟ್ಸಿನ ಸುತ್ತಮುತ್ತಲೂ ಹರಡುತ್ತದೆ, ನಿಮ್ಮ ಮೌಸ್ ಮಾತನಾಡುವುದೂ ಅದೇ 2.4 ಗಿಗಾಹರ್ಟ್ಸಿನಲ್ಲಿ. ಇಂಟೆಲ್ ಕಂಪನಿಯೇ 2012ರಲ್ಲಿ ಈ ಅಡಚಣೆಯ ಬಗ್ಗೆ ವಿವರವಾದ ಪ್ರಬಂಧ ಹೊರತಂದಿತ್ತು. ನಕಲು ನಡೆಯುವಾಗ ಮಾತ್ರ ತೊಂದರೆ, ಮುಗಿದೊಡನೆ ಸರಿ ಎಂಬ ನಿಮ್ಮ ವರ್ಣನೆ ಅದಕ್ಕೆ ಸರಿಯಾಗಿ ಹೊಂದುತ್ತದೆ.

ರಿಸೀವರನ್ನು ಅಲ್ಲಿಂದ ತೆಗೆದು ದೂರದ ಕಪ್ಪು ನಾಲಗೆಯ ರಂಧ್ರಕ್ಕೆ ಹಾಕಿ. ಲ್ಯಾಪ್‌ಟಾಪ್ ಆಗಿದ್ದರೆ ಎದುರಿನ ಮಗ್ಗುಲಿಗೆ ಹಾಕಿ. ಅದಕ್ಕೂ ಜಾಗವಿಲ್ಲದಿದ್ದರೆ ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲಿನ ತುದಿಗೆ ಸಿಕ್ಕಿಸಿ ಮೌಸಿನ ಹತ್ತಿರ ತಂದಿಡಿ. ಕೆಲವು ಮೌಸುಗಳ ಪೆಟ್ಟಿಗೆಯಲ್ಲಿ ಅಂಥದೊಂದು ಮೊಳಕ್ಕಿಂತ ಚಿಕ್ಕ ಕೇಬಲ್ ಇದೇ ಕಾರಣಕ್ಕೆ ಇರುತ್ತದೆ, ಹೆಚ್ಚಿನವರು ಅದನ್ನು ಬಿಚ್ಚುವುದೂ ಇಲ್ಲ.

ಪ್ರತಿಕ್ರಿಯೆ: ಪೆರ್ಲ ಡಿಟಿಪಿ

ವಯರಿಂಗಿನವರ ಮೀಟರಿನಲ್ಲಿ ನೋಡಿಯಾಯಿತು. ಕುತ್ತಿಗೆಯನ್ನು ಎಡಕ್ಕೆ ಬಾಗಿಸಿದಾಗ ಕೂಗುತ್ತದೆ, ನೇರವಾಗಿಟ್ಟರೆ ಸುಮ್ಮನಾಗುತ್ತದೆ. ಸ್ಕ್ಯಾನರನ್ನು ಮೇಜಿನ ಇನ್ನೊಂದು ಬದಿಗೆ ಸರಿಸಿದ್ದೇನೆ. ಹೊಸ ಮೌಸ್ ಹಿಂಭಾಗದ ರಂಧ್ರದಲ್ಲಿಯೇ ಇರಲಿ, ಮುಂಭಾಗವನ್ನು ಗಿರಾಕಿಗಳು ತರುವ ಪೆನ್‌ಡ್ರೈವುಗಳಿಗೆ ಬಿಟ್ಟಿದ್ದೇನೆ.